ನಡು ಮುರಿದು ತಿರುಗುವ ಗಾಡಿ

ಹಳೆಯ ಜೀಪಿನ ಹಿಂದಿನ ಆಕ್ಸೆಲ್ ಬಿಚ್ಚಿ ಬೇರೊಂದು ಗಾಡಿಗೆ ಬೆಸುಗೆ ಹಾಕುವಾಗ ಅದನ್ನು ಅಪ್ಪಿತಪ್ಪಿ ತಲೆಕೆಳಗಾಗಿ ಕೂರಿಸಿದರೆ ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಶಾಫ್ಟ್ ಸೇರುತ್ತದೆ, ಚಕ್ರ ಸಲೀಸಾಗಿ ತಿರುಗುತ್ತದೆ. ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಮಾತ್ರ ಗಾಡಿ ಹಿಂದಿನ ಗೋಡೆಯ ಕಡೆ ಹೊರಡುತ್ತದೆ. ಆಮೇಲೆ ಅದಕ್ಕೆ ಹಿಂದೆ ಹೋಗಲು ಮೂರೋ ನಾಲ್ಕೋ ಗೇರು, ಮುಂದೆ ಬರಲು ಒಂದೇ ಒಂದು. ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ ನಗಲು ಇದು ಒಳ್ಳೆಯ ವಿಷಯ. ಆದರೆ ಮನೆಯ ಶೆಡ್ಡಿನಲ್ಲಿ ಕೂತು ಸ್ವಂತ ಕೈಯಿಂದ ಫೋರ್ ವ್ಹೀಲ್ ಡ್ರೈವ್ ಗಾಡಿ ಕಟ್ಟಲು ಹೊರಟವನಿಗೆ ಇದೇ ಮೊದಲ ಲೆಕ್ಕ. ಎಂಜಿನ್ ಎಷ್ಟು ದೊಡ್ಡದು, ಸೀಟು ಎಲ್ಲಿ, ಬಣ್ಣ ಯಾವುದು ಎಂಬುದೆಲ್ಲ ಆಮೇಲೆ.

ಇಂಥ ಗಾಡಿ ಕಟ್ಟುವ ಹುಚ್ಚು ಹೆಚ್ಚಾಗಿ ಕಾಣುವುದು ಅಮೆರಿಕದ ನಡುನಾಡಿನ ರಾಜ್ಯಗಳಲ್ಲಿ: ಒಹಾಯೊ, ಇಂಡಿಯಾನಾ, ವಿಸ್ಕಾನ್ಸಿನ್, ಮಿನ್ನೆಸೋಟ. ಕಾರಣ ಸರಳ. ಅಲ್ಲಿನ ಹಳೆಯ ಮನೆಗಳ ಹಿತ್ತಿಲಲ್ಲಿ ಕೆಟ್ಟು ನಿಂತ ಗಾರ್ಡನ್ ಟ್ರ್ಯಾಕ್ಟರುಗಳಿಗೆ ಬರವಿಲ್ಲ. ನಾವು ಟ್ರ್ಯಾಕ್ಟರ್ ಎಂದರೆ ಕಣ್ಣ ಮುಂದೆ ಬರುವ ನಲವತ್ತು ಐವತ್ತು ಎಚ್‌ಪಿಯ ಯಂತ್ರ ಇದಲ್ಲ. ಇದು ಎಂಟರಿಂದ ಹದಿನಾರು ಎಚ್‌ಪಿಯದು, ಬಹುಪಾಲು ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನದು, ಮನುಷ್ಯನ ಸೊಂಟದೆತ್ತರದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳ ಅಂಚಿನಲ್ಲಿ ಎರಡೆಕರೆ, ಮೂರೆಕರೆ ಜಾಗದ ಮನೆಗಳು ಎದ್ದವು. ಅಲ್ಲಿನ ಹುಲ್ಲು ಕತ್ತರಿಸಲು, ಹಿಮ ತಳ್ಳಲು, ತರಕಾರಿ ಮಡಿ ಉಳಲು ಹುಟ್ಟಿದ ಯಂತ್ರ ಇದು. ಇಂಡಿಯಾನಾದ ಸೌತ್ ಬೆಂಡಿನಲ್ಲಿ ಪಾಂಡ್ ಕುಟುಂಬ 1946ರಲ್ಲಿ ಗ್ಯಾರೇಜಿನಲ್ಲಿ ಶುರು ಮಾಡಿದ ಕೆಲಸ ಮುಂದೆ ವ್ಹೀಲ್ ಹಾರ್ಸ್ ಎಂಬ ಹೆಸರಾಯಿತು. ದೊಡ್ಡ ಟ್ರ್ಯಾಕ್ಟರುಗಳ ಕಂಪನಿಯಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1960ರ ದಶಕದ ಆರಂಭದಲ್ಲಿ ಕಬ್ ಕೆಡೆಟ್ ತಂದಿತು. 1963ರಲ್ಲಿ ಜಾನ್ ಡಿಯರ್ ತನ್ನ 110 ಮಾದರಿಯೊಂದಿಗೆ ಇಳಿಯಿತು.

ಈ ಯಂತ್ರಗಳನ್ನು ಹುಲ್ಲು ಕತ್ತರಿಸುವ ಅಗ್ಗದ ಸವಾರಿ ಯಂತ್ರಗಳ ಜೊತೆ ಸೇರಿಸಬಾರದು. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ, ಹೊಟ್ಟೆಯೊಳಗೆ ಅಜಗಜಾಂತರ. ಹುಲ್ಲಿನ ಯಂತ್ರದ ಗೇರ್ ಪೆಟ್ಟಿಗೆ ತೆಳುವಾದ ಅಲ್ಯೂಮಿನಿಯಮ್ಮಿನದು, ಸಮತಟ್ಟಾದ ಅಂಗಳದಲ್ಲಿ ತನ್ನ ಭಾರ ಹೊತ್ತು ಓಡಾಡಲು ಮಾತ್ರ ಮಾಡಿದ್ದು. ಅದಕ್ಕೆ ನೇಗಿಲು ಕಟ್ಟಿದರೆ ಹಲ್ಲು ಉದುರುತ್ತವೆ. ಹಳೆಯ ಕಬ್ ಕೆಡೆಟ್ಟಿನದು ಬೀಡುಕಬ್ಬಿಣದ ಹಿಂಭಾಗ. ಅದೇ ಕಂಪನಿಯ ಫಾರ್ಮಾಲ್ ಕಬ್ ಎಂಬ ಹೊಲದ ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಯ ವಂಶದ್ದು. ಅರವತ್ತು ವರ್ಷ ಕಳೆದ ಮೇಲೂ ಎಂಜಿನ್ ಸತ್ತು, ಚಾಸಿಸ್ ತುಕ್ಕು ತಿಂದು, ಟಯರು ಮಣ್ಣಾಗಿದ್ದರೂ ಈ ಹಿಂಭಾಗ ಮಾತ್ರ ಎಣ್ಣೆಯಲ್ಲಿ ಮುಳುಗಿ ಸುಖವಾಗಿರುತ್ತದೆ. ಗುಜರಿಗೆ ಹೋಗುವ ಟ್ರ್ಯಾಕ್ಟರಿನಲ್ಲಿ ನಿಜಕ್ಕೂ ಬೆಲೆ ಬಾಳುವುದು ಅದೊಂದೇ.

ಅದನ್ನು ಟ್ರಾನ್ಸಾಕ್ಸೆಲ್ ಎನ್ನುತ್ತಾರೆ. ಕಾರಿನಲ್ಲಿ, ಅದರಲ್ಲೂ ಹಳೆಯ ಅಂಬಾಸಿಡರಿನಂಥ ಕಾರಿನಲ್ಲಿ, ಗೇರ್ ಪೆಟ್ಟಿಗೆ ಮುಂದೆ, ಡಿಫರೆನ್ಷಿಯಲ್ ಹಿಂದೆ, ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಟ್ರಾನ್ಸಾಕ್ಸೆಲ್ಲಿನಲ್ಲಿ ಗೇರು, ಡಿಫರೆನ್ಷಿಯಲ್, ಎರಡು ಅರ್ಧ ಆಕ್ಸೆಲ್, ಅನೇಕ ಸಲ ಬ್ರೇಕ್ ಕೂಡ ಒಂದೇ ಹೌಸಿಂಗಿನೊಳಗೆ. ಒಂದು ಕಡೆ ಶಾಫ್ಟ್ ತಿರುಗಿಸಿದರೆ ಇನ್ನೆರಡು ಕಡೆ ಚಕ್ರ ತಿರುಗುತ್ತದೆ, ಅಷ್ಟೇ. ಮನೆಯಲ್ಲಿ ಗಾಡಿ ಕಟ್ಟುವವನಿಗೆ ಲೇತ್ ಇಲ್ಲ, ಗೇರ್ ಹಲ್ಲು ಕೊರೆಯುವ ಯಂತ್ರವಂತೂ ಇಲ್ಲವೇ ಇಲ್ಲ. ಅವನಿಗೆ ಇಷ್ಟೊಂದು ನಿಖರವಾದ ಕೆಲಸವನ್ನು ಕಾರ್ಖಾನೆ ಆಗಲೇ ಮಾಡಿ ಮುಚ್ಚಿಟ್ಟು ಕೊಟ್ಟಿದೆ. ಹಾಗಾಗಿ ಅವನ ಯೋಚನೆ ಹೀಗೆ ಸಾಗುತ್ತದೆ: ಒಂದು ಟ್ರ್ಯಾಕ್ಟರಿನ ಹಿಂಭಾಗ ಇದೆ, ಅದೇ ಮಾದರಿಯ ಇನ್ನೊಂದರದ್ದು ಗುಜರಿಯಲ್ಲಿ ಸಿಗುತ್ತದೆ, ಎರಡನ್ನೂ ಎದುರುಬದುರು ಇಟ್ಟು ಒಂದೇ ಎಂಜಿನ್ನಿಗೆ ಕಟ್ಟಿದರೆ ನಾಲ್ಕು ಚಕ್ರಕ್ಕೂ ಶಕ್ತಿ. ಯೋಚನೆ ಸರಿಯೇ. ತೊಡಕಿರುವುದು ‘ಎದುರುಬದುರು’ ಎಂಬಲ್ಲಿ.

ಟ್ರಾನ್ಸಾಕ್ಸೆಲ್ಲಿಗೆ ಶಕ್ತಿ ಒಳಹೋಗುವ ದಾರಿ ಮೂರು ಬಗೆ. ಕಬ್ ಕೆಡೆಟ್ಟಿನಂಥದರಲ್ಲಿ ಎಂಜಿನ್ನಿನಿಂದ ಉದ್ದುದ್ದ ಬರುವ ಶಾಫ್ಟ್ ಮುಂಭಾಗದಿಂದ ಒಳಹೋಗುತ್ತದೆ. ಇಂಥ ಎರಡನ್ನು ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಿ, ನಡುವೆ ಒಂದೇ ನೇರ ಶಾಫ್ಟ್ ಹಾಕಿದರೆ ಏನಾಗುತ್ತದೆ? ಹಿಂದಿನ ಪೆಟ್ಟಿಗೆಯ ಬಾಯಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಶಾಫ್ಟು ಮುಂದಿನ ಪೆಟ್ಟಿಗೆಯ ಬಾಯಿಯಿಂದ ನೋಡಿದರೆ ಅಪ್ರದಕ್ಷಿಣೆ. ಅಂದರೆ ಮುಂದಿನ ಪೆಟ್ಟಿಗೆಗೆ ಅದರ ಮಟ್ಟಿಗೆ ಉಲ್ಟಾ ತಿರುಗಾಟ ಸಿಗುತ್ತದೆ. ಆದರೆ ಆ ಪೆಟ್ಟಿಗೆಯನ್ನೇ ನಾವು ಹಿಂದುಮುಂದಾಗಿ ನಿಲ್ಲಿಸಿದ್ದೇವಲ್ಲ! ಎರಡು ಉಲ್ಟಾ ಸೇರಿ ಸುಲ್ಟಾ ಆಗಿ ನಾಲ್ಕೂ ಚಕ್ರ ಒಂದೇ ದಿಕ್ಕಿಗೆ ಉರುಳುತ್ತವೆ. ಕಾಗದದ ಮೇಲೆ ಗೀಚಿ ನೋಡುವವರೆಗೆ ಇದನ್ನು ಯಾರೂ ನಂಬುವುದಿಲ್ಲ. ಬೇಕಿದ್ದರೆ ಎರಡು ಕೈಯ ಬೆರಳುಗಳನ್ನು ಎದುರುಬದುರು ಹಿಡಿದು ನಡುವೆ ಪೆನ್ನು ಸುತ್ತಿ ನೋಡಬಹುದು.

ಎರಡನೆಯದು ನೆತ್ತಿಯ ಮೇಲೆ ಪುಲ್ಲಿ ಇರುವ ಪೆಟ್ಟಿಗೆ, ಸವಾರಿ ಯಂತ್ರಗಳಲ್ಲಿ ಇದೇ ಹೆಚ್ಚು. ಇಲ್ಲಿ ಅದೃಷ್ಟ ಕೈಕೊಡುತ್ತದೆ. ಪೆಟ್ಟಿಗೆಯನ್ನು ಹಿಂದುಮುಂದು ಮಾಡಿದರೂ ಮೇಲಿನಿಂದ ನೋಡಿದಾಗ ಪುಲ್ಲಿ ಸುತ್ತುವ ದಿಕ್ಕು ಬದಲಾಗದು. ಬದಲಾಗುವುದು ಚಕ್ರ ಹೋಗುವ ದಿಕ್ಕು. ಒಂದೇ ಬೆಲ್ಟಿನಿಂದ ಎರಡೂ ಪುಲ್ಲಿ ಸುತ್ತಿದರೆ ಮುಂದಿನ ಎರಡು ಚಕ್ರ ಹಿಂದಿನ ಎರಡರ ವಿರುದ್ಧ ಹಗ್ಗಜಗ್ಗಾಟಕ್ಕೆ ನಿಲ್ಲುತ್ತವೆ. ಪರಿಹಾರ ಎಂದರೆ ಬೆಲ್ಟನ್ನು ತಿರುಚಿ ಎಂಟರ ಆಕಾರದಲ್ಲಿ ಹಾಕುವುದು. ಅದು ಕ್ರಾಸಿನಲ್ಲಿ ಉಜ್ಜಿ ಬೇಗ ಸವೆಯುತ್ತದೆ. ಇದಕ್ಕಿಂತ ಜಾಣತನದ ದಾರಿ ಪೆಟ್ಟಿಗೆಯನ್ನು ತಿರುಗಿಸದೇ ಇರುವುದು: ಹಿಂದಿನದು ಹೇಗೆ ಕೂತಿದೆಯೋ ಮುಂದಿನದೂ ಹಾಗೇ, ರೈಲಿನ ಬೋಗಿಗಳಂತೆ ಒಂದರ ಹಿಂದೆ ಒಂದು. ಮೂರನೆಯದು ವ್ಹೀಲ್ ಹಾರ್ಸಿನಂಥ, ಪಕ್ಕದಲ್ಲಿ ಪುಲ್ಲಿ ಇರುವ ಪೆಟ್ಟಿಗೆ. ಅದಕ್ಕೂ ಇದೇ ಮಾತು, ತಿರುಗಿಸದಿದ್ದರೆ ತಂಟೆಯಿಲ್ಲ.

ತಿರುಗಿಸಿದರೆ ಇನ್ನೊಂದು ಸಣ್ಣ ಕಿರಿಕಿರಿ ಇದೆ. ಟ್ರ್ಯಾಕ್ಟರ್ ಟಯರಿನ ಗೆರೆಗಳು ಬಾಣದ ಆಕಾರದವು. ಹಿಂದಿನಿಂದ ನೋಡಿದರೆ ಬಾಣದ ತುದಿ ಮೇಲೆ ಇರಬೇಕು, ಆಗ ನೆಲಕ್ಕೆ ತಾಗುವಲ್ಲಿ ಮೊದಲು ತುದಿ ಕಚ್ಚಿ, ಮಣ್ಣು ಎರಡೂ ಬದಿಗೆ ಜಾರಿ, ಟಯರು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆಕ್ಸೆಲ್ಲನ್ನು ಹಿಂದುಮುಂದು ಮಾಡಿದಾಗ ಎಡಚಕ್ರ ಬಲಕ್ಕೆ ಬರುತ್ತದೆ, ಬಾಣ ಉಲ್ಟಾ ಆಗುತ್ತದೆ, ಕೆಸರು ಗೆರೆಗಳ ನಡುವೆ ತುಂಬಿ ಟಯರು ಹೂಜಿಯಂತೆ ನುಣ್ಣಗಾಗುತ್ತದೆ. ಎಡಬಲ ಅದಲುಬದಲು ಮಾಡಿದರೆ ಸರಿಹೋಗುವ ಕೆಲಸ. ಆದರೂ ಚಿತ್ರಗಳಲ್ಲಿ ಕಾಣುವ ಎಷ್ಟೋ ಮನೆಗಾಡಿಗಳ ಮುಂದಿನ ಟಯರು ತಪ್ಪು ದಿಕ್ಕಿಗೇ ಇರುತ್ತವೆ.

ದಿಕ್ಕು ಸರಿಯಾದ ಮೇಲೆ ವೇಗ. ಎರಡೂ ಪೆಟ್ಟಿಗೆಗಳ ಒಟ್ಟು ಗೇರ್ ಅನುಪಾತ ಒಂದೇ ಇರಬೇಕು, ಟಯರಿನ ಸುತ್ತಳತೆಯೂ ಒಂದೇ ಇರಬೇಕು. 23 ಇಂಚಿನ ಟಯರು ಹಿಂದೆ, 24 ಇಂಚಿನದು ಮುಂದೆ ಎಂದುಕೊಳ್ಳಿ. ವ್ಯತ್ಯಾಸ ಶೇ 4ಕ್ಕಿಂತ ಸ್ವಲ್ಪ ಹೆಚ್ಚು. ನೂರು ಮೀಟರ್ ಹೋಗುವಷ್ಟರಲ್ಲಿ ಯಾವುದೋ ಒಂದು ಜೋಡಿ ಚಕ್ರ ನಾಲ್ಕು ಮೀಟರಿನಷ್ಟು ಜಾರಲೇಬೇಕು. ಸಡಿಲ ಮಣ್ಣಿನಲ್ಲಿ ಜಾರಿಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಿಮೆಂಟ್ ನೆಲದ ಮೇಲೆ ಜಾರಲಾರದು. ಆಗ ಆ ಬಿಗಿತವೆಲ್ಲ ಶಾಫ್ಟಿನಲ್ಲಿ, ಗೇರ್ ಹಲ್ಲಿನಲ್ಲಿ ಕೂಡಿಕೊಳ್ಳುತ್ತ ಹೋಗಿ ಕೊನೆಗೆ ದುರ್ಬಲವಾದದ್ದು ಸೀಳುತ್ತದೆ. ಅಳತೆ ಒಂದೇ ಎಂದು ಟಯರಿನ ಮೈಮೇಲೆ ಬರೆದಿದ್ದರೂ ಸವೆದದ್ದು ಮತ್ತು ಹೊಸದು ಒಂದೇ ಅಲ್ಲ. ನಾಲ್ಕನ್ನೂ ಒಟ್ಟಿಗೆ ಕೊಳ್ಳುವುದು ಜಿಪುಣತನಕ್ಕೆ ಒಗ್ಗದ, ಆದರೆ ಬೇಕೇಬೇಕಾದ ಖರ್ಚು.

ಇನ್ನು ಗೇರು. ಎರಡು ಪೆಟ್ಟಿಗೆ ಎಂದರೆ ಎರಡು ಗೇರ್ ಲಿವರ್. ಹಿಂದೆ ಎರಡನೇ ಗೇರು, ಮುಂದೆ ಒಂದನೇ ಗೇರು ಬಿದ್ದರೆ ಗತಿಯೇನು ಎಂದು ಹೇಳಬೇಕಿಲ್ಲ. ಅನುಭವಿಗಳು ಎರಡೂ ಪೆಟ್ಟಿಗೆಗಳನ್ನು ಒಂದೇ ಗೇರಿನಲ್ಲಿ ಹಾಕಿ ಲಿವರನ್ನೇ ಕಿತ್ತುಬಿಡುತ್ತಾರೆ. ಗೇರ್ ಬದಲಿಸಲು ಎಂಜಿನ್ನಿಗೂ ಶಾಫ್ಟಿಗೂ ನಡುವೆ ಮೂರನೆಯ ಪೆಟ್ಟಿಗೆ ತರುತ್ತಾರೆ, ಚಿಕ್ಕ ಕಾರಿನದ್ದೋ ಇನ್ನೊಂದು ಟ್ರ್ಯಾಕ್ಟರಿನದ್ದೋ. ಗೇರ್ ಪೆಟ್ಟಿಗೆಯ ಹಿಂದೆ ಗೇರ್ ಪೆಟ್ಟಿಗೆ ಜೋಡಿಸುವ ಈ ಉಪಾಯ ಹಳೆಯದೇ. 1930 ಮತ್ತು 40ರ ದಶಕಗಳಲ್ಲಿ, ಟ್ರ್ಯಾಕ್ಟರ್ ಕೊಳ್ಳಲು ದುಡ್ಡಿಲ್ಲದೆ, ಯುದ್ಧ ಬಂದ ಮೇಲೆ ದುಡ್ಡಿದ್ದರೂ ಟ್ರ್ಯಾಕ್ಟರ್ ಸಿಗದೆ, ಅಮೆರಿಕದ ರೈತರು ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ಕತ್ತರಿಸಿ ಡೂಡಲ್‌ಬಗ್ ಎಂಬ ಅರೆಬರೆ ಟ್ರ್ಯಾಕ್ಟರ್ ಮಾಡಿಕೊಳ್ಳುತ್ತಿದ್ದರು. ಕಾರಿನ ವೇಗ ಹೊಲಕ್ಕೆ ಒಗ್ಗದು, ಹಾಗಾಗಿ ಎರಡು ಗೇರ್ ಪೆಟ್ಟಿಗೆಯನ್ನು ಒಂದರ ಬೆನ್ನಿಗೊಂದು ಕಟ್ಟಿ ಎತ್ತಿನ ನಡಿಗೆಗೆ ಇಳಿಸುತ್ತಿದ್ದರು.

ಎಷ್ಟಕ್ಕೆ ಇಳಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 3,600 ಸುತ್ತು. 23 ಇಂಚಿನ ಟಯರಿನ ಸುತ್ತಳತೆ ಸುಮಾರು 1.83 ಮೀಟರ್. ಗಂಟೆಗೆ 8 ಕಿ.ಮೀ. ಸಾಕು ಎಂದರೆ ಚಕ್ರ ನಿಮಿಷಕ್ಕೆ 73 ಸುತ್ತಬೇಕು. ಅಂದರೆ ಒಟ್ಟು ಇಳಿಕೆ ಐವತ್ತಕ್ಕೊಂದರ ಹತ್ತಿರ. ಹನ್ನೆರಡು ಎಚ್‌ಪಿ ಎಂಜಿನ್ ಆ ವೇಗದಲ್ಲಿ ಕೊಡುವ ತಿರುಚುಬಲ 24 ನ್ಯೂಟನ್ ಮೀಟರ್ ಇರಬಹುದು, ಬರಿಗೈಯಲ್ಲಿ ಸ್ಪ್ಯಾನರ್ ಬಿಗಿಯುವಷ್ಟು. ಐವತ್ತು ಪಟ್ಟು ಆದಾಗ, ದಾರಿಯಲ್ಲಿ ಐದನೇ ಒಂದು ಭಾಗ ನಷ್ಟವೆಂದು ಬಿಟ್ಟರೂ, ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 330 ಕೆ.ಜಿ. ತೂಕದಷ್ಟಾಗುತ್ತದೆ. ಗಾಡಿಯ ಒಟ್ಟು ತೂಕ 400 ಕೆ.ಜಿ. ಎಂದಿಟ್ಟುಕೊಳ್ಳಿ. ಒಳ್ಳೆಯ ಗಟ್ಟಿ ಮಣ್ಣಿನಲ್ಲಿ ಟಯರು ತನ್ನ ಮೇಲಿರುವ ಭಾರದ ಶೇ 60ರಷ್ಟು ಮಾತ್ರ ಹಿಡಿತ ಕೊಡುತ್ತದೆ ಎಂದುಕೊಂಡರೆ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಇದ್ದು ಅವುಗಳ ಮೇಲೆ 240 ಕೆ.ಜಿ. ಕೂತಿದ್ದಾಗ ಸಿಗುವ ಎಳೆತ 144 ಕೆ.ಜಿ. ನಾಲ್ಕೂ ಚಕ್ರಕ್ಕೆ ಕೊಟ್ಟರೆ 240. ಎಂಜಿನ್ನಿನ ಬಳಿ ಇದ್ದದ್ದು 330! ಚಿಕ್ಕ ಗಾಡಿ ಕೆಸರಿನಲ್ಲಿ ನಿಂತುಬಿಡುವುದು ಎಂಜಿನ್ ಸೋತಿದ್ದರಿಂದ ಅಲ್ಲ, ನೆಲ ಸಿಗದೆ. ಹಾಗಾಗಿ ಇಪ್ಪತ್ತು ಎಚ್‌ಪಿಯ ಎಂಜಿನ್ನಿಗಾಗಿ ಪರದಾಡುವವರನ್ನು ಕಂಡರೆ ನನಗೆ ಅಚ್ಚರಿ. ಅವರು ಕೊಳ್ಳುತ್ತಿರುವುದು ಸದ್ದು.

ಈಗ ಗಾಡಿಯ ಸೊಂಟಕ್ಕೆ ಬರೋಣ, ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ಮುಂದಿನ ಚಕ್ರಕ್ಕೆ ಶಕ್ತಿಯನ್ನೂ ಕೊಡಬೇಕು, ಅದು ಎಡಬಲಕ್ಕೆ ಹೊರಳಲೂ ಬೇಕು ಎಂದರೆ ಜೀಪಿನ ಮುಂಭಾಗದಲ್ಲಿರುವಂಥ ಜಾಯಿಂಟುಗಳು, ಕಿಂಗ್ ಪಿನ್, ಗುಂಡಗಿನ ಹೌಸಿಂಗ್ ಎಲ್ಲ ಬೇಕು. ಗಾರ್ಡನ್ ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಅದೇನೂ ಇಲ್ಲ. ಚಕ್ರ ಹೊರಳುವುದೇ ಇಲ್ಲ. ಹಾಗಿದ್ದರೆ ಗಾಡಿಯನ್ನೇ ನಡುವಿನಲ್ಲಿ ಕತ್ತರಿಸಿ ಬಾಗಿಲಿನಂತೆ ಕೀಲು ಹಾಕಿದರೆ? ಚಕ್ರದ ಬದಲು ಗಾಡಿಯ ಮುಂದಿನ ಅರ್ಧವೇ ಹೊರಳುತ್ತದೆ.

ಇದೇನೂ ಹಿತ್ತಿಲಿನವರ ಶೋಧವಲ್ಲ, ಆದರೆ ದೊಡ್ಡ ಕಾರ್ಖಾನೆಯಿಂದಷ್ಟೇ ಬಂದದ್ದೂ ಅಲ್ಲ. ಮಿನ್ನೆಸೋಟದ ರೆಡ್ ಲೇಕ್ ಫಾಲ್ಸ್ ಬಳಿಯ ಸ್ಟೈಗರ್ ಸೋದರರು ತಮ್ಮ ಹೊಲಕ್ಕೆ ಸಾಲುವಷ್ಟು ದೊಡ್ಡ ಟ್ರ್ಯಾಕ್ಟರ್ ಮಾರುಕಟ್ಟೆಯಲ್ಲಿ ಸಿಗದಿದ್ದಾಗ 1957–58ರ ಚಳಿಗಾಲದಲ್ಲಿ ಹಸು ಕಟ್ಟುವ ಕೊಟ್ಟಿಗೆಯಲ್ಲೇ ಒಂದನ್ನು ಕಟ್ಟಿದರು. ಮಣ್ಣು ಸಾಗಿಸುವ ಯಂತ್ರಗಳ ಬಿಡಿಭಾಗ, 238 ಎಚ್‌ಪಿಯ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ನೆರೆಹೊರೆಯವರು ನಮಗೂ ಒಂದು ಎಂದರು, ಕೊಟ್ಟಿಗೆಯೇ ಕಾರ್ಖಾನೆಯಾಯಿತು. ನಡು ಮಡಚುವ, ಹಸಿರು ಬಣ್ಣದ ಸ್ಟೈಗರ್ ಟ್ರ್ಯಾಕ್ಟರುಗಳು ಮುಂದೆ ಉತ್ತರ ಡಕೋಟದ ಗೋಧಿ ಬಯಲುಗಳ ಗುರುತಾದವು. ಆ ಹೆಸರು ಇವತ್ತಿಗೂ ಕೇಸ್ ಐಎಚ್ ಕಂಪನಿಯ ದೈತ್ಯ ಟ್ರ್ಯಾಕ್ಟರುಗಳ ಮೇಲಿದೆ. ಮಿನ್ನೆಸೋಟದ್ದೇ ಆದ ರಾತ್ಸೇ ಎಂಬ ಊರಿನಲ್ಲಿ ಅದೇ 1957ರ ಹೊತ್ತಿಗೆ ಕೆಲ್ಲರ್ ಸೋದರರು ಟರ್ಕಿ ಕೋಳಿ ಸಾಕುವವನೊಬ್ಬನಿಗೆ ಕೋಳಿಮನೆಯ ಕಂಬಗಳ ನಡುವೆ ನುಸುಳುವ ಪುಟ್ಟ ಲೋಡರ್ ಮಾಡಿಕೊಟ್ಟರು, ಅದು ಬೆಳೆದು ಬಾಬ್‌ಕ್ಯಾಟ್ ಆಯಿತು. ಒಂದೇ ಕಾಲ, ಒಂದೇ ಸೀಮೆ, ವೆಲ್ಡಿಂಗ್ ಯಂತ್ರ ಇದ್ದ ಎರಡು ಕುಟುಂಬ.

ನಡುವಿನ ಕೀಲು ಎರಡು ಆಕ್ಸೆಲ್ಲಿಗೂ ಸರಿಯಾಗಿ ಮಧ್ಯದಲ್ಲಿದ್ದರೆ ಒಂದು ಸೊಗಸಾದ ಲಾಭ ಇದೆ. ತಿರುವಿನಲ್ಲಿ ಮುಂದಿನ ಚಕ್ರ ಹೋದ ಜಾಡಿನಲ್ಲೇ ಹಿಂದಿನ ಚಕ್ರವೂ ಬರುತ್ತದೆ. ಸಾಮಾನ್ಯ ಗಾಡಿಯಲ್ಲಿ ಹಾಗಾಗದು. ಹಿಂದಿನ ಚಕ್ರ ಒಳಗಡೆ ಕತ್ತರಿಸಿಕೊಂಡು ಕಡಿಮೆ ದೂರ ಹೋಗುತ್ತದೆ. ಮುಂದೆ ಹಿಂದೆ ಒಂದೇ ಶಾಫ್ಟಿಗೆ ಬಿಗಿದ ಜೀಪನ್ನು ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಿಕೊಂಡು ತಿರುಗಿಸಬಾರದು ಎನ್ನುವುದು ಇದಕ್ಕೇ. ನಡು ಮಡಚುವ ಗಾಡಿಯಲ್ಲಿ ಎರಡೂ ಆಕ್ಸೆಲ್ ಸಮದೂರ ಹೋಗುವುದರಿಂದ ತಿರುವಿನಲ್ಲಿ ಅವುಗಳ ನಡುವೆ ಜಗಳವೇ ಇಲ್ಲ. ಮಧ್ಯದ ಡಿಫರೆನ್ಷಿಯಲ್ ಎಂಬ ದುಬಾರಿ ಭಾಗ ಬೇಕಾಗುವುದಿಲ್ಲ. ಐದಡಿ ಅಂತರದ ಆಕ್ಸೆಲ್‌ಗಳು, ನಲವತ್ತು ಡಿಗ್ರಿ ಮಡಿಕೆ, ಇಷ್ಟಕ್ಕೆ ತಿರುವಿನ ತ್ರಿಜ್ಯ ಎರಡು ಮೀಟರ್. ಆಟೊರಿಕ್ಷಾ ಕೂಡ ತಲೆಬಾಗಬೇಕು.

ಆದರೆ ಕೀಲು ಎಡಬಲಕ್ಕೆ ಮಡಚಿದರೆ ಸಾಲದು. ಹಳ್ಳದಲ್ಲಿ ಮುಂದಿನ ಎಡಚಕ್ರ ಇಳಿದಾಗ ಮುಂದಿನ ಅರ್ಧ ಒಂದು ಕಡೆ ವಾಲಬೇಕು, ಹಿಂದಿನ ಅರ್ಧ ನೆಟ್ಟಗೇ ಇರಬೇಕು. ಇಲ್ಲದಿದ್ದರೆ ಮೂರು ಚಕ್ರ ನೆಲದ ಮೇಲೆ, ಒಂದು ಗಾಳಿಯಲ್ಲಿ, ಮತ್ತು ಗಾಳಿಯಲ್ಲಿರುವ ಚಕ್ರವೇ ಡಿಫರೆನ್ಷಿಯಲ್ಲಿನ ದಯೆಯಿಂದ ಭರ್ರನೆ ಸುತ್ತುತ್ತ ಆ ಆಕ್ಸೆಲ್ಲಿನ ಎಲ್ಲ ಎಳೆತವನ್ನೂ ಹಾಳುಮಾಡುತ್ತದೆ. ಇದಕ್ಕೆ ನಿಂತ ಪಿನ್ನಿನ ಜೊತೆ ಮಲಗಿದ ಇನ್ನೊಂದು ಕೀಲು ಬೇಕು, ಕೊಳವೆಯೊಳಗೆ ಕೊಳವೆ ಸುತ್ತುವಂಥದ್ದು. ಹೊರಗಿನದು ದಪ್ಪ ಪೈಪು, ಒಳಗಿನದು ಅದರಲ್ಲಿ ಸರಿಯಾಗಿ ಕೂರುವ ಪೈಪು, ನಡುವೆ ಹಿತ್ತಾಳೆಯ ಬುಷ್, ಗ್ರೀಸ್ ಹಾಕಲು ನಿಪ್ಪಲ್. ಹಳೆಯ ಕಾರಿನ ಮುಂಚಕ್ರದ ಹಬ್ಬನ್ನು ಬೇರಿಂಗ್ ಸಮೇತ ತಂದು ಈ ಕೀಲಿಗೆ ಬಳಸುವವರೂ ಇದ್ದಾರೆ. ಗಟ್ಟಿ, ಅಗ್ಗ, ಆದರೆ ಅದರ ಹೊಟ್ಟೆ ಟೊಳ್ಳಲ್ಲ. ಶಾಫ್ಟ್ ನಡುವಿನಿಂದ ತೂರಿಹೋಗಬೇಕೆಂದರೆ ಕೊಳವೆಯೇ ಬೇಕು.

ಆ ಶಾಫ್ಟು ಕೀಲಿನ ಜೊತೆ ತಾನೂ ಮಡಚಬೇಕಲ್ಲ. ಅದಕ್ಕೆ ಲಾರಿಯ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವ ಕ್ರಾಸ್ ಜಾಯಿಂಟ್. ಒಂದೇ ಕ್ರಾಸ್ ಹಾಕಿ ಅದರ ಕೇಂದ್ರವನ್ನು ಪಿನ್ನಿನ ನೇರಕ್ಕೆ ಕೂರಿಸಿದರೆ ಕೆಲಸ ಆಗುತ್ತದೆ, ಆದರೆ ಅರ್ಧಂಬರ್ಧ. ಕ್ರಾಸಿಗೊಂದು ಕೆಟ್ಟ ಗುಣವಿದೆ. ಕೋನದಲ್ಲಿ ಓಡುವಾಗ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಏರಿಸಿ ಎರಡು ಸಲ ಇಳಿಸುತ್ತದೆ. ನಲವತ್ತು ಡಿಗ್ರಿ ಮಡಚಿದಾಗ ಒಳಬರುವ ವೇಗ ನೂರಿದ್ದರೆ ಹೊರಹೋಗುವುದು 77ರಿಂದ 130ರವರೆಗೆ ಕುಣಿಯುತ್ತದೆ. ತಿರುವಿನಲ್ಲಿ ಗಾಡಿ ಬಿಕ್ಕಳಿಸುವುದು ಇದರಿಂದಲೇ. ಎರಡು ಕ್ರಾಸ್ ಹಾಕಿ, ಪಿನ್ನಿನಿಂದ ಎರಡೂ ಸಮದೂರದಲ್ಲಿದ್ದು ಇಪ್ಪತ್ತಿಪ್ಪತ್ತು ಡಿಗ್ರಿ ಹಂಚಿಕೊಂಡರೆ, ಒಂದರ ಕುಣಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ನಡುವಿನ ತುಂಡಿನ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು ಎಂಬುದು ಷರತ್ತು. ಒಂದು ಹಲ್ಲು ಆಚೀಚೆ ಕೂತರೂ ಅಳಿಸುವ ಬದಲು ಕುಣಿತ ಉಳಿದುಕೊಳ್ಳುತ್ತದೆ. ಲಾರಿ ಮೆಕ್ಯಾನಿಕ್ಕುಗಳು ಶಾಫ್ಟ್ ಬಿಚ್ಚುವ ಮೊದಲು ಉಳಿಯಿಂದ ಗುರುತು ಹಾಕಿಕೊಳ್ಳುವುದು ಇದಕ್ಕಾಗಿಯೇ.

ಶಾಫ್ಟಿನ ಗೊಡವೆಯೇ ಬೇಡ ಎನ್ನುವವರು ಎಣ್ಣೆಯ ದಾರಿ ಹಿಡಿಯುತ್ತಾರೆ. 1960ರ ದಶಕದ ಮಧ್ಯದಿಂದ ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಹೈಡ್ರೋಸ್ಟಾಟಿಕ್ ಬಂತು, ಕ್ಲಚ್ ಇಲ್ಲದೆ ಒಂದು ಲಿವರಿನಲ್ಲೇ ಮುಂದೆ, ಹಿಂದೆ, ನಿಧಾನ, ಜೋರು. ಎಂಜಿನ್ನು ಪಂಪ್ ತಿರುಗಿಸುತ್ತದೆ, ಪಂಪು ಒತ್ತಡದ ಎಣ್ಣೆಯನ್ನು ಮೋಟಾರಿಗೆ ತಳ್ಳುತ್ತದೆ. ಕೀಲಿನ ಮೂಲಕ ಹೋಗಬೇಕಾದದ್ದು ಬರೀ ರಬ್ಬರ್ ಪೈಪು. ಕೇಳಲು ಸ್ವರ್ಗ. ಆದರೆ ಮುಂದಿನ ಮೋಟಾರ್, ಹಿಂದಿನ ಮೋಟಾರ್ ಎರಡಕ್ಕೂ ಕವಲೊಡೆದು ಎಣ್ಣೆ ಕೊಟ್ಟರೆ ಅದು ಸುಲಭದ ದಾರಿ ಹಿಡಿಯುತ್ತದೆ, ಜಾರುತ್ತಿರುವ ಚಕ್ರದ ಕಡೆಗೇ ಓಡುತ್ತದೆ. ಒಂದರಿಂದ ಹೊರಬಂದದ್ದು ಇನ್ನೊಂದಕ್ಕೆ ಹೋಗುವಂತೆ ಸಾಲಾಗಿ ಜೋಡಿಸಿದರೆ ಆ ತೊಂದರೆ ತಪ್ಪುತ್ತದೆ, ಬದಲಿಗೆ ಒತ್ತಡ ಎರಡರ ನಡುವೆ ಹಂಚಿಹೋಗುತ್ತದೆ. ಎಣ್ಣೆ ಬಿಸಿಯಾಗುವ ಕಷ್ಟ ಬೇರೆ. ನನ್ನ ಮಟ್ಟಿಗೆ ಹಿತ್ತಿಲಿನ ಕೆಲಸಕ್ಕೆ ಕಬ್ಬಿಣದ ಶಾಫ್ಟೇ ವಾಸಿ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಣ್ಣಿಗೆ ಕಾಣುತ್ತದೆ.

ಅಪಾಯದ ಮಾತನ್ನು ಬಿಡುವಂತಿಲ್ಲ. ಮಡಚುವ ಗಾಡಿಯ ಎರಡು ಅರ್ಧಗಳ ನಡುವೆ ಕಾಲಿಟ್ಟರೆ, ಸ್ಟೀರಿಂಗಿಗೆ ಹೈಡ್ರಾಲಿಕ್ ಸಿಲಿಂಡರ್ ಇದ್ದರೆ, ಮೂಳೆ ಉಳಿಯುವುದಿಲ್ಲ. ದೊಡ್ಡ ಲೋಡರುಗಳಲ್ಲಿ ರಿಪೇರಿಗೆ ಮುನ್ನ ಕೀಲಿಗೆ ಕಬ್ಬಿಣದ ತಡೆ ಹಾಕುವ ಪದ್ಧತಿ ಇದಕ್ಕೇ ಇದೆ, ಮನೆಗಾಡಿಗೂ ಅದು ಬೇಕು. ಇನ್ನೊಂದು ಬ್ರೇಕಿನದು. ಟ್ರಾನ್ಸಾಕ್ಸೆಲ್ಲಿನ ಪುಟ್ಟ ಬ್ರೇಕು ಒಳಗಿನ ಶಾಫ್ಟನ್ನು ಹಿಡಿಯುತ್ತದೆ. ಎಲ್ಲ ಒಂದಕ್ಕೊಂದು ಸೇರಿದ್ದಾಗ ಒಂದೇ ಬ್ರೇಕು ನಾಲ್ಕು ಚಕ್ರವನ್ನೂ ನಿಲ್ಲಿಸುತ್ತದೆ, ಸರಿ. ಇಳಿಜಾರಿನಲ್ಲಿ ನಡುವಿನ ಕ್ರಾಸ್ ತುಂಡಾದರೆ ಬ್ರೇಕಿಲ್ಲದ ಅರ್ಧ ಬ್ರೇಕಿರುವ ಅರ್ಧವನ್ನು ತಳ್ಳುತ್ತದೆ. ಮತ್ತೊಂದು, ಪೂರ್ತಿ ಮಡಚಿದಾಗ ಗಾಡಿಯ ನಿಲುವಿನ ಅಗಲವೇ ಕಡಿಮೆಯಾಗಿ ಪಕ್ಕಕ್ಕೆ ಉರುಳುವುದು ಸುಲಭವಾಗುತ್ತದೆ. ಸವಾರನ ತಲೆಯ ಮೇಲೆ ಬಾಗಿದ ಪೈಪು ಮತ್ತು ಸೀಟ್ ಬೆಲ್ಟ್ ಶೋಕಿಯ ವಸ್ತುಗಳಲ್ಲ.

ನಮ್ಮಲ್ಲಿ ಇಂಥದ್ದು ಮಾಡಬಹುದೇ ಎಂದು ಮಲೆನಾಡಿನ ತೋಟದವರು ಕೇಳುತ್ತಾರೆ. ಗೊನೆ ಕೊಯ್ಲಿನ ದಿನ ತಲೆಹೊರೆಗೆ ಆಳು ಸಿಗದವರಿಗೆ ಈ ಆಸೆ ಹುಟ್ಟುವುದು ಸಹಜ. ನಮ್ಮಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಇಲ್ಲ, ಟಿಲ್ಲರ್ ಇದೆ. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1960ರ ದಶಕದಿಂದಲೇ ಈ ವ್ಯವಹಾರದಲ್ಲಿದೆ, ಗದ್ದೆ ಇರುವ ಊರುಗಳಲ್ಲೆಲ್ಲ ಅದರ ಹಳೆಯ ಟಿಲ್ಲರುಗಳು ಸಿಗುತ್ತವೆ. ಆದರೆ ಟಿಲ್ಲರಿನ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ ಇಲ್ಲ. ಹ್ಯಾಂಡಲ್ಲಿನ ಎಡಬಲ ಲಿವರುಗಳು ಒಂದೊಂದು ಬದಿಯ ಕ್ಲಚ್ ಬಿಡಿಸಿ ಆ ಚಕ್ರವನ್ನು ಸ್ವತಂತ್ರಗೊಳಿಸುತ್ತವೆ, ಗಾಡಿ ಆ ಕಡೆ ತಿರುಗುತ್ತದೆ. ಇಂಥ ಎರಡು ಪೆಟ್ಟಿಗೆ ಜೋಡಿಸಿದರೆ ನೇರ ದಾರಿಯಲ್ಲಿ ನಾಲ್ಕೂ ಚಕ್ರ ಬಿಗಿಯಾಗಿ ಎಳೆಯುತ್ತವೆ, ಕೆಸರಿಗೆ ಬಹಳ ಒಳ್ಳೆಯದು. ತಿರುವಿನಲ್ಲಿ ಮಾತ್ರ ಪ್ರತಿ ಸಲವೂ ಎರಡು ಲಿವರ್ ಒಟ್ಟಿಗೆ ಹಿಡಿಯಬೇಕು, ಇಲ್ಲವಾದರೆ ಟಯರು ಮಣ್ಣು ಕೆರೆಯುತ್ತದೆ. ಇಳಿಜಾರಿನಲ್ಲಿ ಈ ಕ್ಲಚ್ ಬಿಡಿಸಿದರೆ ಟಿಲ್ಲರ್ ನಾವು ಅಂದುಕೊಂಡದ್ದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ ಎಂಬುದು ಘಟ್ಟದ ಟಿಲ್ಲರ್ ಚಾಲಕರಿಗೆಲ್ಲ ಗೊತ್ತು. ನಾಲ್ಕು ಚಕ್ರದ ಗಾಡಿಯಲ್ಲಿ ಅದು ಇನ್ನೂ ಕಷ್ಟ. ಹಾಗಾಗಿ ಎಂಜಿನ್ನು ಮತ್ತು ಗೇರು ಟಿಲ್ಲರಿನದು, ಆಕ್ಸೆಲ್‌ಗಳು ಗುಜರಿಯ ಜೀಪಿನವು ಎಂಬ ಕೂಡಿಕೆಯೇ ಇಲ್ಲಿಗೆ ಒಗ್ಗೀತು. ಜೀಪಿನ ಆಕ್ಸೆಲ್ ಅಗಲ ಹೆಚ್ಚು, ಕತ್ತರಿಸಿ ಕಿರಿದು ಮಾಡಬೇಕು, ಅದಕ್ಕೆ ಒಳ್ಳೆಯ ಲೇತ್ ಮೇಸ್ತ್ರಿ ಬೇಕು.

ಕಾನೂನಿನ ವಿಷಯ ಬೇಗ ಮುಗಿಯುತ್ತದೆ. ಇಂಥ ಗಾಡಿ ತೋಟದೊಳಗೇ ಇರಬೇಕು. ಉತ್ತರ ಭಾರತದಲ್ಲಿ ಹೀಗೇ ಬಿಡಿಭಾಗ ಜೋಡಿಸಿ ಕಟ್ಟುವ ಜುಗಾಡ್ ಗಾಡಿಗಳೂ ಮೋಟಾರು ವಾಹನವೇ, ಕಾಯ್ದೆಗೆ ಒಳಪಡುತ್ತವೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನೋಂದಣಿ, ವಿಮೆ ಇಲ್ಲದ್ದನ್ನು ರಸ್ತೆಗೆ ತಂದು ಯಾರಿಗಾದರೂ ತಾಗಿಸಿದರೆ ಕಟ್ಟಿದವನ ತೋಟವೇ ಹೋಗಬಹುದು.

ತೋಟದೊಳಗೆ ಅಡಿಕೆ ಮರಗಳ ಅಂತರ ಒಂಬತ್ತಡಿ, ನಾಲ್ಕಡಿ ಅಗಲದ ಗಾಡಿ ಸಲೀಸಾಗಿ 
ನುಸುಳುತ್ತದೆ. ಸಾಲಿನ ಕೊನೆಯಲ್ಲಿ ನಡು ಮಡಚಿ ತಿರುಗಲು ಹೆಚ್ಚು ಜಾಗ ಬೇಡ. ಅಡ್ಡಿ ಮಾಡುವುದು ಮರವಲ್ಲ, ಬಸಿಗಾಲುವೆ. ತೋಟದ ಬಸಿಗಾಲುವೆಗಳ ಮೇಲಿರುವುದು ಆಳು ದಾಟುವ ಸಂಕ, ಎರಡೋ ಮೂರೋ ಅಡಿಕೆ ಮರದ ದಿಮ್ಮಿ ಹಾಸಿದ್ದು. ಗಾಡಿ, ಸವಾರ, ಗೊನೆ ಸೇರಿ ಆರೇಳು ನೂರು ಕೆ.ಜಿ. ಅದರ ಮೇಲೆ ಹೋಗಬೇಕೆಂದರೆ ಸಿಮೆಂಟ್ ಪೈಪು ಹೂತು, ಇಕ್ಕೆಲಕ್ಕೂ ಕಲ್ಲು ಕಟ್ಟಿ, ಆರಡಿ ಅಗಲ ಮಣ್ಣು ತುಂಬಬೇಕು. ಗುಜರಿ ಅಂಗಡಿಗೆ ಹೋಗುವ ಮೊದಲು ತೋಟದಲ್ಲಿ ಎಷ್ಟು ಸಂಕಗಳಿವೆ ಎಂದು ಎಣಿಸಿಕೊಂಡು, ಪೈಪಿನ ರೇಟು ವಿಚಾರಿಸುವುದು ಒಳ್ಳೆಯದು.